ಬೆನ್ನಿನ ಮೇಲಿನ ಅರಿಸಿನದ ಕೈ

ನನಗೆ ಮಾತು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಸಂಗತಿಗೂ ಇದಕ್ಕೂ ಸಂಬಂಧವಿದೆ. ಕರೆಂಟು ಹೋಗಿ ಲ್ಯಾಬಿನ ಫ್ರಿಜ್ಜು ನಿಂತ ದಿನಗಳುಂಟು, ಸರೋಜಾಳ ಬಾಯಿ ನಿಂತ ದಿನವನ್ನು ಮಾತ್ರ ಯಾರೂ ಕಂಡಿಲ್ಲ ಎಂದು ನಮ್ಮ ಡಾಕ್ಟರ್ ಅಲಮೇಲು ಬಂದವರಿಗೆಲ್ಲ ಹೇಳುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿ, ಎರಡು ಮಾತಾಡಿ ಎಂದರು. ನಾನು ಮುಗಿಸುವಷ್ಟರಲ್ಲಿ ಬೋಂಡಾ ತಣ್ಣಗಾಗಿತ್ತು.

ಮೈಕ್ರೋಬಯಾಲಜಿ ಓದಿದ ಮಕ್ಕಳು ಈಗಲೂ ಬನಶಂಕರಿಯ ನಮ್ಮ ಮನೆ ಹುಡುಕಿಕೊಂಡು ಬಂದು, "ಆಂಟಿ, ಈ ಕೆಲಸ ಹೆಂಗಿರುತ್ತೆ? ಸೇರ್ಲಾ ಬೇಡ್ವಾ?" ಎಂದು ಕೇಳುತ್ತಾರೆ. ಸಂಬಳ, ಬಡ್ತಿ ಇವನ್ನೆಲ್ಲ ಬೇರೆ ಯಾರನ್ನಾದರೂ ಕೇಳಿ. ನಾನು ಹೇಳಬೇಕಾದದ್ದು ಕತ್ತಲೆ ಕೋಣೆಯ ವಿಷಯ.

ತೊಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ್ದು ಜಯನಗರದ ಒಂದು ಸಣ್ಣ ಚರ್ಮರೋಗ ಆಸ್ಪತ್ರೆಯಲ್ಲಿ. ಅದು ಮೊದಲು ಯಾರದೋ ವಾಸದ ಮನೆ. ಒಡೆದು ಕಟ್ಟುವ ತಾಕತ್ತು ಆಡಳಿತದವರಿಗೆ ಇರಲಿಲ್ಲವಾದ್ದರಿಂದ ಮನೆಯನ್ನು ಮನೆಯ ಹಾಗೆಯೇ ಬಿಟ್ಟು ಆಸ್ಪತ್ರೆ ಮಾಡಿದ್ದರು. ಅಡುಗೆಮನೆ ಲ್ಯಾಬಾಯಿತು. ದೇವರಮನೆಗೆ ಕಿಟಕಿಯಿರಲಿಲ್ಲ, ಆದ್ದರಿಂದ ಅದು ಕತ್ತಲೆ ಕೋಣೆಯಾಯಿತು. ಬಾಗಿಲಿಗೆ ಹಿತ್ತಾಳೆ ಗಂಟೆಗಳು ಹಾಗೆಯೇ ಇದ್ದವು. ರೋಗಿಗಳು ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ತುಳಿಯದೆ ದಾಟಿ ಒಳಗೆ ಬರುತ್ತಿದ್ದರು.

ಆ ಕೋಣೆಯಲ್ಲಿ ನೇರಳೆ ಬಣ್ಣದ ಒಂದು ದೀಪವಿತ್ತು. ಬಾಗಿಲು ಮುಚ್ಚಿ, ಬೇರೆಲ್ಲ ಬೆಳಕು ಆರಿಸಿ ಅದನ್ನು ಮೈಮೇಲೆ ಹಿಡಿದರೆ ಹಗಲಲ್ಲಿ ಕಾಣದ್ದು ಕಾಣುತ್ತದೆ. ಹಲ್ಲು, ಉಗುರು ಬೆಳ್ಳಗೆ ಉರಿಯುತ್ತವೆ. ಬಟ್ಟೆಯ ಎಳೆಗಳು ನೀಲಿಯಾಗುತ್ತವೆ. ತೊನ್ನಿನ ಕಲೆಯಾದರೆ ಸುಣ್ಣದ ಬಿಳುಪು. ಬೇಸಿಗೆಯಲ್ಲಿ ಏಳುವ ಮಾಮೂಲು ಸಿಬ್ಬಾದರೆ ಮಂಕು ಹೊಂಬಣ್ಣ. ಬಿಳಿ ಮಚ್ಚೆ ಕಂಡು ತೊನ್ನೆಂದು ಹೆದರಿ ಬಂದವರು ಆ ಹೊಂಬಣ್ಣ ಕಂಡಾಗ ಬಿಡುತ್ತಿದ್ದ ಉಸಿರನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕತ್ತಲಲ್ಲಿ ಮುಖ ಕಾಣುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ.

ಸಿಬ್ಬು ಮಾಡುವುದು ಒಂದು ಜಾತಿಯ ಯೀಸ್ಟು. ಅದು ಹೊರಗಿನಿಂದ ಬರುವ ಕಳ್ಳನಲ್ಲ. ನಾನು ಸೇರಿದ ವಾರವೇ ಡಾಕ್ಟರ್ ಅಲಮೇಲು ತಮ್ಮ ಹಣೆಯನ್ನೂ ನನ್ನ ಹಣೆಯನ್ನೂ ಹತ್ತಿಯಲ್ಲಿ ಒರೆಸಿ, ಬೇರೆ ಬೇರೆ ಗಾಜಿನ ತಟ್ಟೆಗೆ ಸವರಿ, ಮೇಲೆ ಆಲಿವ್ ಎಣ್ಣೆ ಹನಿಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಿಸಿದರು. ಎಣ್ಣೆಯಿಲ್ಲದೆ ಅದು ಬೆಳೆಯುವುದಿಲ್ಲ. ಆ ಕಾಲದಲ್ಲಿ ಆಲಿವ್ ಎಣ್ಣೆ ಸಿಗುತ್ತಿದ್ದದ್ದು ಮೆಡಿಕಲ್ ಅಂಗಡಿಯಲ್ಲಿ, ಸಣ್ಣ ಡಬ್ಬಿಯಲ್ಲಿ. ಕೆಲವು ದಿನ ಕಳೆದು ತೆಗೆದರೆ ಎರಡೂ ತಟ್ಟೆಯಲ್ಲಿ ಕೆನೆಬಣ್ಣದ ಚುಕ್ಕಿಗಳು.

"ಇದು ನೀನು, ಇದು ನಾನು" ಎಂದರು ಡಾಕ್ಟರ್. "ಎಲ್ಲರ ಮೇಲೂ ಇರುತ್ತೆ. ಬೆವರು, ಜಿಡ್ಡು ಜಾಸ್ತಿ ಆದಾಗ ಮಿತಿ ಮೀರುತ್ತೆ. ಅಷ್ಟೆ."

ಅಟೆಂಡರ್ ಪಾಪಣ್ಣ ಇದನ್ನು ಕೇಳಿಸಿಕೊಂಡು, ತನ್ನ ಮೈಮೇಲೆ ತಾನೊಬ್ಬನೇ ಇಲ್ಲ ಎಂದು ತಿಳಿದಾಗಿನಿಂದ ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದು ದೂರಿದ. ನಾನು ಅವನನ್ನು ಗೇಲಿ ಮಾಡಿದೆ. ಆದರೆ ಮನೆಗೆ ಹೋಗಿ ಕನ್ನಡಿಯ ಮುಂದೆ ಕುಂಕುಮ ಇಟ್ಟುಕೊಳ್ಳುವಾಗ ನನಗೂ ಹಣೆ ಯಾಕೋ ನನ್ನದೇ ಅನಿಸಲಿಲ್ಲ.

ಸಿಬ್ಬಿಗೆ ಔಷಧಿ ಇರಲಿಲ್ಲವೆಂದಲ್ಲ. ಕೀಟೋಕೊನಜೋಲ್ ಇತ್ತು. ಹಚ್ಚಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಪ್ರತಿ ಬೇಸಿಗೆಗೂ ಅದೇ ಮುಖಗಳು. ಡಾಕ್ಟರ್ ಅಲಮೇಲುಗೆ ಒಂದು ಹಟ ಹತ್ತಿತ್ತು: ಯಾವುದಾದರೂ ಗಿಡಮೂಲಿಕೆಯ ಸತ್ವವನ್ನು ಈ ಔಷಧಿಯ ಜೊತೆ ಸೇರಿಸಿದರೆ ಔಷಧಿಯ ಪ್ರಮಾಣ ಇಳಿಸಬಹುದೇ, ಸಿಬ್ಬನ್ನು ಹೆಚ್ಚು ದಿನ ದೂರ ಇಡಬಹುದೇ? ಅದಕ್ಕೆ ನಾವು ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ಬಳಸುತ್ತಿದ್ದೆವು. ನಾನು ಅದಕ್ಕೆ ಅಳಗುಳಿಮಣೆ ಎಂದು ಹೆಸರಿಟ್ಟೆ. ಎಡದಿಂದ ಬಲಕ್ಕೆ ಔಷಧಿ ಕಡಿಮೆಯಾಗುತ್ತ ಹೋಗುತ್ತದೆ, ಮೇಲಿನಿಂದ ಕೆಳಕ್ಕೆ ಗಿಡದ ಸತ್ವ ಕಡಿಮೆಯಾಗುತ್ತದೆ. ಎಲ್ಲ ಗುಳಿಗೂ ಯೀಸ್ಟು. ಎರಡೂ ಸ್ವಲ್ಪ ಸ್ವಲ್ಪವೇ ಇರುವ ಗುಳಿಯಲ್ಲೂ ಯೀಸ್ಟು ಬೆಳೆಯದಿದ್ದರೆ, ಒಂದಕ್ಕೊಂದು ಕೈಜೋಡಿಸಿವೆ ಎಂದರ್ಥ.

ಬೇವಿನ ಮೇಲೆ ನಮಗೆಲ್ಲ ಎಷ್ಟು ಭಕ್ತಿಯಿತ್ತೆಂದರೆ ಅದು ನಮ್ಮ ಮಣೆಯಲ್ಲಿ ಏನೂ ಮಾಡದೆ ಕೂತಾಗ ನನಗೆ ಅವಮಾನವಾದ ಹಾಗಾಯಿತು. ವೀಳ್ಯದೆಲೆಯ ಎಣ್ಣೆ ಚೆನ್ನಾಗಿ ಕೊಂದಿತು, ಆದರೆ ನನ್ನ ಮೊಣಕೈಗೆ ಹಚ್ಚಿ ನೋಡಿದಾಗ ಬೊಬ್ಬೆ ಬಂತು. ಓಂಕಾಳಿನ ಎಣ್ಣೆ ನೀರಿನೊಡನೆ ಬೆರೆಯದೆ ಮೇಲೆ ತೇಲಿ, ತಿಂಗಳ ಕೆಲಸ ಹಾಳಾಯಿತು. ಕೊನೆಗೆ ಅರಿಸಿನಕ್ಕೆ ಬಂದೆವು. ಅದರ ಸತ್ವ ಗುಳಿಗಳನ್ನೆಲ್ಲ ಹಳದಿ ಮಾಡಿ, ಯೀಸ್ಟು ಬೆಳೆದು ನೀರು ಕದಡಿದೆಯೋ ಇಲ್ಲವೋ ಎಂಬುದೇ ಕಾಣದಂತಾಯಿತು. ಪ್ರತಿ ಗುಳಿಯಿಂದ ಒಂದೊಂದು ಹನಿ ತೆಗೆದು ಬೇರೆ ತಟ್ಟೆಗೆ ಹಾಕಿ ಕಾದೆವು. ಒಂದು ಬೆಳಿಗ್ಗೆ ನೋಡಿದರೆ, ಎರಡೂ ಕಡಿಮೆಯಿದ್ದ ಮೂಲೆಯಲ್ಲಿ ಏನೂ ಬೆಳೆದಿರಲಿಲ್ಲ. ಮತ್ತೆ ಮಾಡಿದೆವು. ಮತ್ತೆ ಖಾಲಿ.

"ಸರೋಜಾ, ಕೂತ್ಕೋ" ಎಂದರು ಡಾಕ್ಟರ್. ಆಮೇಲೆ ಅವರೇ ಕೂತರು.

ಒಪ್ಪಿಗೆ ಪಡೆದು, ಲೋಷನ್ ಮಾಡಿಸಿ, ಮನಸ್ಸಿದ್ದ ರೋಗಿಗಳಿಗೆ ಕೊಟ್ಟೆವು. ಸಂಜೆ ಹಚ್ಚಿಕೊಳ್ಳುವುದು, ಬೆಳಿಗ್ಗೆ ಸೋಪು ಹಾಕಿ ಸ್ನಾನ ಮಾಡುವುದು, ವಾರಕ್ಕೊಮ್ಮೆ ಬಂದು ತೋರಿಸುವುದು. ಮೊದಲ ವಾರ ಬಂದವರನ್ನು ದೀಪದ ಕೆಳಗೆ ನಿಲ್ಲಿಸಿದಾಗ ಡಾಕ್ಟರ್ ದೀಪವನ್ನು ಇನ್ನಷ್ಟು ಹತ್ತಿರ ತಂದರು. ಕಲೆಗಳು ಕಡಿಮೆಯಾಗುವುದಿರಲಿ, ಬೆನ್ನು, ಕತ್ತು, ತೋಳು ಎಲ್ಲ ಹೊಂಬಣ್ಣಕ್ಕೆ ತಿರುಗಿತ್ತು. ಹಗಲ ಬೆಳಕಿನಲ್ಲಿ ನೋಡಿದರೆ ಏನೂ ಇಲ್ಲ, ದೀಪದಲ್ಲಿ ಮೈಯೆಲ್ಲ ಉರಿಯುತ್ತಿದೆ. ಒಂದೇ ವಾರದಲ್ಲಿ ಸಿಬ್ಬು ಹೀಗೆ ಹರಡಿದ್ದನ್ನು ಡಾಕ್ಟರ್ ಕಂಡಿರಲಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಯಿತು. ನನ್ನ ಡಬ್ಬಿಯ ಚಿತ್ರಾನ್ನವನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಮಧ್ಯಾಹ್ನ ಮತ್ತೆ ದೀಪ ಹಾಕಿದಾಗ ಡಾಕ್ಟರ್ ತಮ್ಮ ಬಲಗೈ ನೋಡಿಕೊಂಡು ನಿಂತುಬಿಟ್ಟರು. ಕೈ ತೊಳೆದಿದ್ದರೂ ಬೆರಳ ತುದಿಗಳು ಹೊಂಬಣ್ಣಕ್ಕೆ ಹೊಳೆಯುತ್ತಿದ್ದವು. ಅವರು ದೀಪವನ್ನು ನನ್ನ ಮುಖಕ್ಕೆ ತಿರುಗಿಸಿ, "ನಿನ್ನ ತುಟಿ, ನಾಲಿಗೆ, ಗದ್ದ ಎಲ್ಲಾ ಹೊಳೀತಿದೆ. ಅರಿಸಿನ ಕಣೇ ಇದು. ಸಿಬ್ಬಲ್ಲ, ನಮ್ಮ ಔಷಧೀನೇ ಹೊಳೀತಿರೋದು" ಎಂದರು. ಕಣ್ಣಿಗೆ ಕಾಣದಷ್ಟು ಅರಿಸಿನವೂ ಆ ದೀಪಕ್ಕೆ ಕಾಣುತ್ತದೆ. ಹುಟ್ಟಿದಾಗಿನಿಂದ ಅರಿಸಿನ ಮೆತ್ತಿಕೊಂಡೇ ಬೆಳೆದ ನಮಗಿಬ್ಬರಿಗೂ ಇದು ಹೊಳೆದಿರಲಿಲ್ಲ.

ಅಲ್ಲಿಂದ ವಿಧಾನ ಬದಲಾಯಿತು. ವಾಸಿಯಾಗಿದೆಯೇ ಎಂದು ತಿಳಿಯಲು ಚರ್ಮದ ಮೇಲೆ ಸೆಲ್ಲೋಟೇಪು ಅಂಟಿಸಿ ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡತೊಡಗಿದೆವು. ನೇರಳೆ ದೀಪವನ್ನು ಲೋಷನ್ ಎಲ್ಲ ಕಡೆಗೂ ತಲುಪಿದೆಯೇ ಎಂದು ನೋಡಲು ಮಾತ್ರ ಇಟ್ಟುಕೊಂಡೆವು. ಕೈಗಳು ಕಾಣತೊಡಗಿದ್ದು ಆಗ.

ಬೆನ್ನಿಗೆ ತಾವೇ ಹಚ್ಚಿಕೊಳ್ಳಲು ಯಾರಿಗೂ ಆಗುವುದಿಲ್ಲ. ಮನೆಯಲ್ಲಿ ಯಾರಾದರೂ ಹಚ್ಚಬೇಕು. ಹಚ್ಚುವವರು ಲೋಷನ್ನನ್ನು ಅಂಗೈಗೆ ಸುರಿದುಕೊಂಡು ಮೊದಲು ಬೆನ್ನಿನ ಮೇಲೆ ಒತ್ತುತ್ತಾರೆ, ಆಮೇಲೆ ಸವರುತ್ತಾರೆ. ಒತ್ತಿದ ಕಡೆ ಅರಿಸಿನ ಹೆಚ್ಚು ಕೂರುತ್ತದೆ. ಮಾರನೆಯ ದಿನ ಸ್ನಾನವಾದ ಮೇಲೂ ಕತ್ತಲೆ ಕೋಣೆಯಲ್ಲಿ ಆ ಕೈ ಎದ್ದು ಬರುತ್ತಿತ್ತು. ಬಿ.ಟಿ.ಎಂ. ಲೇಔಟಿನ ಒಬ್ಬ ಬ್ಯಾಂಕ್ ನೌಕರನ ಬೆನ್ನ ಮೇಲೆ ಒಂದೇ ಒಂದು ಬೆರಳ ತುದಿಯ ಗುರುತುಗಳು. ಗಂಡ ಹೆಂಡತಿಗೆ ಮಾತು ಬಿಟ್ಟಿತ್ತು ಎಂದು ಆಮೇಲೆ ಗೊತ್ತಾಯಿತು. ಜೆ.ಪಿ. ನಗರದ ಒಬ್ಬ ಟೀಚರಮ್ಮನ ಬೆನ್ನ ಮೇಲೆ ಮಗುವಿನ ಪುಟ್ಟ ಕೈಗಳು ಇರುವೆ ಸಾಲಿನ ಹಾಗೆ ಮೇಲಿನಿಂದ ಕೆಳಗೆ ಇಳಿದಿದ್ದವು. ಕತ್ತಲಲ್ಲಿ, ಬರಿಯ ಬೆನ್ನಿನ ಮೇಲೆ, ಅಲ್ಲಿ ಇಲ್ಲದವರ ಕೈ ಹೊಳೆಯುವುದನ್ನು ನೋಡುವಾಗ ಪ್ರತಿ ಸಲವೂ ನನ್ನ ಮೈ ಜುಮ್ಮೆನ್ನುತ್ತಿತ್ತು. ಪಾಪಣ್ಣ ಆ ಕೋಣೆಯನ್ನು ಗುಡಿಸುವುದನ್ನೇ ಬಿಟ್ಟ.

ನಂಜಮ್ಮ ಬಂದದ್ದು ಆ ದಿನಗಳಲ್ಲಿ. ಇಟ್ಟಮಡುವಿನ ಹಳೆಯ ಒಕ್ಕಲು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿ, ಮುಂದಿನ ಮನೆಯಲ್ಲಿ ಒಬ್ಬರೇ ಇದ್ದರು. ಮಗ ಮಂಜುನಾಥ ಕುಮಾರಸ್ವಾಮಿ ಲೇಔಟಿನಲ್ಲಿ ಸಿಮೆಂಟಿನ ಅಂಗಡಿ ಇಟ್ಟು, ಅಲ್ಲೇ ಸಂಸಾರ ಮಾಡಿಕೊಂಡಿದ್ದ. ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು, ಹೊಸ್ತಿಲಾಚೆ ನಿಂತು ಕೀಲಿ ಗೊಂಚಲು ಆಡಿಸುತ್ತಿದ್ದ. ಮೊದಲ ಸಲ ಲೋಷನ್ ಕೊಂಡುಹೋದವರು ಮುಂದಿನ ವಾರ ಬಂದಾಗ ನಾನು ಎಲ್ಲರನ್ನೂ ಕೇಳುವಂತೆ ಕೇಳಿದೆ.

"ಬೆನ್ನಿಗೆ ಯಾರವ್ವ ಹಚ್ಚೋದು?"

"ನನ್ ಮಗ್ಳು ಕಣವ್ವ. ರತ್ನ."

ಹೊಸ್ತಿಲಾಚೆ ಕೀಲಿ ಗೊಂಚಲು ನೆಲಕ್ಕೆ ಬಿದ್ದ ಸದ್ದಾಯಿತು. ನಾನು ಅಷ್ಟರಲ್ಲಿ ದೀಪ ಹಾಕಿದ್ದೆ. ಎರಡು ಹೆಗಲಿನ ನಡುವೆ ಒಂದು ಹೆಂಗಸಿನ ಕೈ ಹೊಳೆಯುತ್ತಿತ್ತು. ಅಂಗೈ, ಹೆಬ್ಬೆರಳು, ಮೂರು ಬೆರಳು. ಕಿರುಬೆರಳು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಮಂಜುನಾಥ ಬಾಗಿಲ ಸಂದಿಯಿಂದ ಅದನ್ನು ಕಂಡ. "ಮೇಡಂ, ಒಂದ್ನಿಮಿಷ ಆಚೆ ಬನ್ನಿ" ಎಂದ. ಹೊರಗೆ ಬೆಳಕಿನಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು.

"ನಮ್ಮಕ್ಕ ಹೋಗಿ ಎರಡು ವರ್ಷ ಆಯ್ತು ಮೇಡಂ. ಕಾಮಾಲೆ ಆಗಿತ್ತು. ಚಿಕ್ಕೋಳಿದ್ದಾಗ ಬೆಲ್ಲದ ಪಾಕ ಬಿದ್ದು ಅವ್ಳ ಕಿರುಬೆರಳು ಸೆಟ್ಕೊಂಡಿತ್ತು. ಏನ್ ಮುಟ್ಟಿದ್ರೂ ಆ ಬೆರಳು ಮೇಲಕ್ಕೇ ಇರೋದು."

"ಮನೇಲಿ ಬೇರೆ ಯಾರಿದಾರೆ?"

"ಯಾರೂ ಇಲ್ಲ. ನಮ್ಮನೆಯವ್ಳು ಅಸಹ್ಯ ಪಡ್ತಾಳೆ, ಮುಟ್ಟಲ್ಲ. ನಾನು ಗಂಡ್ಮಗ, ಅವ್ವನ ಬರೀ ಬೆನ್ನು ಹೆಂಗೆ ಮುಟ್ಲಿ? ಬಾಟಲಿ ಸುಮ್ನೆ ಇಟ್ಟಿರ್ತಾಳೆ ಅಂದ್ಕೊಂಡಿದ್ದೆ."

ನಾನು ಯೀಸ್ಟನ್ನು ನಂಬುವವಳು, ದೆವ್ವವನ್ನಲ್ಲ. ಆದರೂ ಕೋಣೆಗೆ ಹಿಂದಿರುಗುವಾಗ ನನ್ನ ಕಾಲು ಹೊಸ್ತಿಲ ಬಳಿ ತಡೆಯಿತು. ಒಳಗೆ ಡಾಕ್ಟರ್ ಅಲಮೇಲು ಆಗಲೇ ನಂಜಮ್ಮನ ಪಕ್ಕ ಕೂತಿದ್ದರು. "ರತ್ನ ಎಲ್ಲಿದಾಳವ್ವ?" ಎಂದು ಕೇಳಿದರು.

"ತೀರ್ಕೊಂಡವ್ಳೆ" ಎಂದರು ನಂಜಮ್ಮ, ಇದೇನು ಕೇಳುತ್ತೀಯೆ ಎನ್ನುವ ಹಾಗೆ. "ಇವ್ನು ಹೇಳ್ಲಿಲ್ವಾ?"

"ಮತ್ತೆ ಹಚ್ಚೋದು?"

"ಅವ್ಳೇ. ದೀಪ ಹಚ್ಚೋ ಹೊತ್ಗೆ ಬತ್ತಾಳೆ. ಮಾತಾಡಲ್ಲ. ಸತ್ತೋರು ಎಲ್ಲಾದ್ರೂ ಮಾತಾಡ್ತಾರಾ? ಹಚ್ಚಿ ಹೋಯ್ತಾಳೆ. ನಾನು ತಿರುಗಿ ನೋಡಲ್ಲ. ನೋಡುದ್ರೆ ಆಮೇಲೆ ಬರಲ್ಲ."

ಅರಳುಮರಳು ಏನೂ ಇರಲಿಲ್ಲ. ಬಾಡಿಗೆ ಮನೆಗಳ ನೀರಿನ ಮೋಟಾರಿನಿಂದ ಹಿಡಿದು ಮೊಮ್ಮಗನ ಪರೀಕ್ಷೆಯವರೆಗೆ ಎಲ್ಲ ಸರಿಯಾಗಿಯೇ ಹೇಳುತ್ತಿದ್ದರು. ಇದೊಂದನ್ನು ಹೀಗೆ ಹೇಳಿದರು.

ಮಂಜುನಾಥ ಹೆದರಿಹೋಗಿದ್ದ. ಅಂಜನಾಪುರದ ಕಡೆಯ ಒಬ್ಬ ಮಂತ್ರವಾದಿಯನ್ನು ಕರೆಸಿ ಮನೆಗೆ ದಿಗ್ಬಂಧನ ಹಾಕಿಸುತ್ತೇನೆ, ಲೋಷನ್ ನಿಲ್ಲಿಸಿ ಅವ್ವನನ್ನು ನಮ್ಮ ಮನೆಗೆ ಕರೆದೊಯ್ಯುತ್ತೇನೆ ಎಂದ. ಡಾಕ್ಟರ್ ಅವನನ್ನು ಒಂದೇ ಮಾತು ಕೇಳಿದರು: "ಅಕ್ಕ ಹೋದ್ಮೇಲೆ ನಿಮ್ಮವ್ವ ಹೇಗಿದ್ರು?"

ಅವನು ತಲೆ ತಗ್ಗಿಸಿದ. "ಒಲೆ ಹಚ್ತಿರ್ಲಿಲ್ಲ ಮೇಡಂ. ನಾವ್ ತಂದ್ಕೊಟ್ರೆ ನಾಯಿಗೆ ಹಾಕೋಳು. ಎದ್ದು ಓಡಾಡ್ತಾನೂ ಇರ್ಲಿಲ್ಲ." ಕೀಲಿ ಗೊಂಚಲು ನೋಡುತ್ತ ಹೇಳಿದ, "ಈ ವಾರ ಮುದ್ದೆ ಮಾಡ್ಕೊಂಡು ಉಂಡವ್ಳೆ."

"ಹಾಗಾದ್ರೆ ಇನ್ನೊಂದು ವಾರ ಸುಮ್ನಿರಿ. ಮಂತ್ರವಾದಿ ಎಲ್ಲಿಗೂ ಓಡಿ ಹೋಗಲ್ಲ" ಎಂದರು ಡಾಕ್ಟರ್. ಆಮೇಲೆ ನನ್ನನ್ನು ಕರೆದು, ಲೋಷನ್ ಹಚ್ಚುವವರು ಯಾರೆಂದು ನಮ್ಮ ದಾಖಲೆಯಲ್ಲಿ ಬರೆಯಬೇಕು, ಮನೆಗೆ ಹೋಗಿ ನೋಡಿಕೊಂಡು ಬಾ ಎಂದರು. "ದೆವ್ವಾನೇ ಆದ್ರೆ ಅದರ ಹಣೆಯಿಂದ್ಲೂ ಒಂದು ಸ್ಯಾಂಪಲ್ ತಗೊಂಡ್ ಬಾ."

ಇಟ್ಟಮಡು ನನ್ನ ಮನೆಗೆ ಹೋಗುವ ದಾರಿಯಲ್ಲೇ ಇತ್ತು. ಮುಸ್ಸಂಜೆಗೆ ಅಲ್ಲಿ ಬಸ್ಸಿಳಿದಾಗ ಕರೆಂಟು ಹೋಗಿತ್ತು. ಬೀದಿ ಪೂರ ಕತ್ತಲು, ಎಲ್ಲೋ ಒಂದು ಅಂಗಡಿಯಲ್ಲಿ ಪೆಟ್ರೋಮ್ಯಾಕ್ಸಿನ ಸುಯ್ಯೆನ್ನುವ ಸದ್ದು. ನಂಜಮ್ಮನ ಮನೆಯ ಬಾಗಿಲು ತೆರೆದಿತ್ತು. ದೇವರ ಮುಂದೆ ಹಣತೆ. ಅದಕ್ಕೆ ಮುಖ ಮಾಡಿ, ಸೆರಗು ಇಳಿಸಿ, ಬೆನ್ನನ್ನು ಬಾಗಿಲ ಕಡೆ ಕೊಟ್ಟು ಕೂತಿದ್ದರು. ಪಕ್ಕದಲ್ಲಿ ನಮ್ಮ ಬಾಟಲಿ. ನಾನು ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮಾತಾಡಿದರು.

"ಬಾ ಮಗ. ಇವತ್ತು ಸೆಕೆ ಜಾಸ್ತಿ."

ನಾನು ಹೊಸ್ತಿಲಾಚೆ ಕಲ್ಲಾಗಿ ನಿಂತೆ. ನನ್ನ ಪಕ್ಕದಿಂದಲೇ, ನನ್ನ ಸೀರೆಗೆ ತಗುಲುವಷ್ಟು ಹತ್ತಿರದಿಂದ, ಒಂದು ಆಕಾರ ಬರಿಗಾಲಲ್ಲಿ ಒಳಗೆ ಹೋಯಿತು. ಬಳೆಯ ಸದ್ದು ಕೂಡ ಇಲ್ಲ. ಮಂಡಿಯೂರಿ ಕೂತು, ಬಾಟಲಿ ಬಗ್ಗಿಸಿ, ಅಂಗೈಯನ್ನು ಆ ಬೆನ್ನಿನ ಮೇಲಿಟ್ಟಿತು. ಕಿರುಬೆರಳು ಮೇಲಕ್ಕೆದ್ದಿತ್ತು. ನಂಜಮ್ಮ ಹಣತೆಯನ್ನು ನೋಡುತ್ತ ಮಾತಾಡುತ್ತಲೇ ಇದ್ದರು: ನಿನ್ ತಮ್ಮ ಅಂಗಡಿಗೆ ಇನ್ನೊಬ್ಬ ಆಳು ಇಟ್ಟವ್ನಂತೆ, ಸೀಬೆ ಮರ ಈ ಸಲ ಹೂ ಬಿಟ್ಟಿಲ್ಲ, ನಿನ್ ಹಸಿರು ಸೀರೆ ಯಾರ್ಗೂ ಕೊಟ್ಟಿಲ್ಲ. ಆ ಕೈ ನಿಧಾನವಾಗಿ ಸವರಿತು. ಆಮೇಲೆ ಆಕಾರ ಎದ್ದು ಹೊರಗೆ ಬಂದು, ನನ್ನನ್ನು ಕಂಡು ಗಕ್ಕನೆ ನಿಂತಿತು. ಬಾಯಿಯ ಮೇಲೆ ಬೆರಳಿಟ್ಟು, ನನ್ನ ತೋಳು ಹಿಡಿದು ಹಿಂದಿನ ನೀರಿನ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಯಿತು. ಬೆಚ್ಚಗಿನ, ಬೆವರಿದ ಕೈ.

ಅವಳು ಹಿಂದಿನ ಮನೆಯ ಬಾಡಿಗೆಯವಳು. ಹೆಸರು ಕಸ್ತೂರಿ, ಗದಗಿನ ಕಡೆಯವಳು, ಬಿ.ಟಿ.ಎಂ.ನ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ.

"ನೀರಿನ ಮೋಟಾರ್ ಹಚ್ಚಂತ ಹೇಳಾಕ ಹೋಗಿದ್ನಿರಿ" ಎಂದಳು ಪಿಸುದನಿಯಲ್ಲಿ. "ಅವ್ವಾರು ಬಾಟ್ಲಿ ಹಿಡ್ಕೊಂಡು ಅಳಾಕತ್ತಿದ್ರು. ನೀ ಇದ್ದಿದ್ರ ಹಚ್ತಿದ್ದೆಲ್ಲ ರತ್ನಾ ಅಂತ. ನನಗ ತಡಿಲಿಲ್ಲ, ಹಿಂದ ಕೂತು ಹಚ್ಚಿದೆ. ಅವ್ರು, ರತ್ನಾ ಬಂದ್ಯಾ ಅಂದ್ರು. ನಾ ಏನ್ ಹೇಳ್ಲಿರಿ? ನಮ್ ಮಾತು ಬ್ಯಾರೆ. ಬಾಯಿ ತಗದ್ರ ಮುಗೀತು."

"ಬೆರಳು?"

"ಮರುದಿನ, ನಿನ್ ಬೆರಳು ನೆಟ್ಟಗಾತೇನವ್ವಾ ಅಂತ ಕೇಳಿದ್ರು. ಆಮ್ಯಾಲೆ ಆಜುಬಾಜು ಮಂದಿನ ಕೇಳಿ ತಿಳ್ಕೊಂಡೆ. ಈಗ ಎತ್ತಿ ಹಿಡೀತೀನ್ರಿ. ಬಳಿ ತಗದಿಟ್ಟು ಬರ್ತೀನಿ." ಬರಿಗೈ ತೋರಿಸಿದಳು. "ನಾ ಪಾಪ ಮಾಡಾಕತ್ತೀನೇನ್ರಿ ಮೇಡಂ?"

ಅವಳ ಹಣೆಯನ್ನು ಹತ್ತಿಯಲ್ಲಿ ಒರೆಸಿಕೊಂಡು ಬಂದೆ.

ಮಾರನೆಯ ದಿನ ಡಾಕ್ಟರ್ ಎಲ್ಲವನ್ನೂ ಕೇಳಿಸಿಕೊಂಡರು. ಲೋಷನ್ ಹಚ್ಚುವವರು ಯಾರು ಎಂದು ಬರೆಯುವ ಜಾಗದಲ್ಲಿ "ಮನೆಯವರು" ಎಂದಷ್ಟೇ ಬರೆದರು. "ಸುಳ್ಳಲ್ಲ" ಎಂದರು. "ಇನ್ನು ಈ ವಿಷಯ ನಿನ್ನ ಬಾಯಿಂದ ಆಚೆ ಬಂದರೆ ಆ ಅವ್ವನ ಮಗಳು ಎರಡನೇ ಸಲ ಸಾಯ್ತಾಳೆ. ತಿಳೀತಾ?"

ಮಕ್ಕಳೇ, ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ ಆಜ್ಞೆ ನನಗೆ ಯಾರೂ ಕೊಡಲಿಲ್ಲ. ಆ ಗುಟ್ಟು ಇಟ್ಟುಕೊಂಡು ಓಡಾಡುವುದೆಂದರೆ ಬಾಯಲ್ಲಿ ಕೆಂಡ ಇಟ್ಟುಕೊಂಡ ಹಾಗಿತ್ತು. ಮುಂದಿನ ವಾರ ಮಂಜುನಾಥ ಪಡಸಾಲೆಯಲ್ಲಿ ನನ್ನನ್ನು ಅಡ್ಡಗಟ್ಟಿದ. "ಸತ್ಯ ಹೇಳಿ ಮೇಡಂ. ದೆವ್ವಾನಾ?"

"ದೆವ್ವಕ್ಕೆ ಬೆವರು ಬರಲ್ಲಪ್ಪ. ಈ ಕೈ ಬೆವರುತ್ತೆ" ಎಂದೆ. ಯಾರೆಂದು ಕೇಳಿದ. ತುಟಿಯವರೆಗೂ ಬಂದಿತ್ತು, ನುಂಗಿಕೊಂಡೆ. ಅವನು ಮಂತ್ರವಾದಿಯ ಮಾತನ್ನು ಮತ್ತೆ ಎತ್ತಲಿಲ್ಲ.

ವಾರಗಳು ಕಳೆದವು. ನಂಜಮ್ಮನ ಸಿಬ್ಬು ಇಳಿಯಿತು, ಟೇಪಿನಲ್ಲಿ ಯೀಸ್ಟು ಕಾಣುವುದು ನಿಂತಿತು. ಬಣ್ಣ ಮರಳಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಹಚ್ಚುತ್ತಿರಿ ಎಂದು ಡಾಕ್ಟರ್ ಹೇಳಿದರು. ಅದು ಔಷಧಿಗಾಗಿ ಹೇಳಿದ್ದೋ ಕೈಗಾಗಿ ಹೇಳಿದ್ದೋ ನಾನು ಕೇಳಲಿಲ್ಲ. ಆಮೇಲೆ ಒಂದು ದಿನ ಕಸ್ತೂರಿ ಆಸ್ಪತ್ರೆಗೇ ಬಂದಳು. ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಮನೆ ಖಾಲಿ ಮಾಡುವಾಗ ನಂಜಮ್ಮನ ಕಾಲಿಗೆ ಬಿದ್ದು ಬಂದಳಂತೆ, ಬರೀ ಬಾಡಿಗೆಯವಳಾಗಿ. "ಚೆನ್ನಾಗಿರವ್ವ ಅಂದ್ರು. ಅಷ್ಟ ಅಂದ್ರು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುಂದಿನ ಸಲ ನಂಜಮ್ಮ ಬಂದಾಗ ಕೋಣೆಗೆ ನಡೆದು ಬರಲೂ ಅವರಿಗೆ ಆಗುತ್ತಿರಲಿಲ್ಲ. ದೀಪ ಹಾಕಿದೆ. ಬೆನ್ನು ಬರಿಯ ಕಪ್ಪು.

"ಬರ್ತಾ ಇಲ್ಲ ಕಣವ್ವ" ಎಂದರು. "ನಾನೇನ್ ತಿರುಗಿ ನೋಡ್ಲಿಲ್ಲ. ಯಾಕ್ ಮುನಿಸ್ಕೊಂಡ್ಳೋ." ಮಂಜುನಾಥ ಹೊಸ್ತಿಲಾಚೆಯಿಂದ, ಅವ್ವ ಮತ್ತೆ ಒಲೆ ಹಚ್ಚುತ್ತಿಲ್ಲ ಎಂದ.

ಡಾಕ್ಟರ್ ಅಲಮೇಲು ಏನೋ ಮರೆತವರಂತೆ ಎದ್ದು ಹೊರಗೆ ಹೋದರು. ಹೋಗುವಾಗ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಹೋದರು, ನನ್ನ ಮುಖ ಮಾತ್ರ ನೋಡಲಿಲ್ಲ. ಬಾಗಿಲು ಮುಚ್ಚಿತು. ನಾನು ದೀಪ ಆರಿಸಿದೆ.

ಆ ಕತ್ತಲಲ್ಲಿ ನನಗೆ ನಿಜವಾಗಿ ಭಯವಾಯಿತು. ನಂಜಮ್ಮನ ಬಗ್ಗೆಯಲ್ಲ, ನನ್ನ ಬಗ್ಗೆಯೇ, ಎಲ್ಲಿ ಬಾಯಿ ತೆರೆದುಬಿಡುತ್ತೇನೋ ಎಂದು. ಅಂಗೈಗೆ ಲೋಷನ್ ಸುರಿದುಕೊಂಡೆ. ಕಿರುಬೆರಳು ಎತ್ತಿದೆ. ಬೆನ್ನಿನ ಮೇಲೆ ಇಟ್ಟೆ. ಆ ಮುದಿ ಬೆನ್ನು ಒಮ್ಮೆ ನಡುಗಿ, ಆಮೇಲೆ ಸಡಿಲವಾಯಿತು.

"ಇಲ್ಲಿಗೇ ಬಂದ್ಯಾ?" ಎಂದರು ನಂಜಮ್ಮ. "ಎಲ್ಲಿಗ್ ಹೋಗಿದ್ದೆ ಮಗ ಇಷ್ಟು ದಿನ?"

ನಲವತ್ತು ದಾಟಿದ ನನ್ನ ಬಾಯಿ ಅಂದು ಮೊದಲ ಸಲ ನಿಂತಿತು. ಅಳು ಬಂತು, ಅದನ್ನೂ ಸದ್ದಿಲ್ಲದೆ ಅತ್ತೆ.

ಅಂದಿನಿಂದ ಲ್ಯಾಬಿನಿಂದ ಮನೆಗೆ ಹೋಗುವಾಗ ಇಟ್ಟಮಡುವಿನಲ್ಲಿ ಇಳಿಯುವುದು ರೂಢಿಯಾಯಿತು. ಬಳೆ ತೆಗೆದು ಬ್ಯಾಗಿಗೆ ಹಾಕಿಕೊಂಡು, ಚಪ್ಪಲಿ ತೊಟ್ಟಿಯ ಹತ್ತಿರ ಬಿಟ್ಟು ಹೋಗುತ್ತಿದ್ದೆ. ಅವರು ಸೀಬೆ ಮರದ ಬಗ್ಗೆ ಹೇಳುತ್ತಿದ್ದರು, ಹಸಿರು ಸೀರೆಯ ಬಗ್ಗೆ ಹೇಳುತ್ತಿದ್ದರು. ದಿನ ಕಳೆದಂತೆ ಅವರು ರತ್ನಾ ಎಂದಾಗ ನಾನು ಮನಸ್ಸಿನಲ್ಲೇ ಓಗೊಡತೊಡಗಿದೆ. ಮನೆಗೆ ಬಂದು ಕೈ ತೊಳೆಯುವಾಗ ನನ್ನ ಕಿರುಬೆರಳು ತಾನಾಗಿ ಮೇಲಕ್ಕೇ ನಿಂತಿರುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಮಡಿಸಬೇಕಾಗುತ್ತಿತ್ತು.

ಒಂದು ಸಂಜೆ ಹಚ್ಚಿ ಎದ್ದು ತಿರುಗಿದರೆ ಬಾಗಿಲಲ್ಲಿ ಮಂಜುನಾಥ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಎತ್ತಿದ ಬೆರಳಿನ ಮೇಲಿತ್ತು. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನು ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಬಸ್‌ಸ್ಟಾ‍ಪಿನವರೆಗೆ ಬಂದೆ.

ನಮ್ಮ ಲೋಷನ್ ಏನಾಯಿತು ಎಂದು ನೀವು ಕೇಳಬಹುದು. ಮಣೆಯಲ್ಲಿ ಗೆದ್ದದ್ದು ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಅರಿಸಿನ ಬಟ್ಟೆಗೆಲ್ಲ ಹತ್ತುತ್ತದೆ, ಬಿಸಿಲಿಗೆ ಸತ್ವ ಕೆಡುತ್ತದೆ, ಯಾವ ಕಂಪನಿಯೂ ಮುಂದೆ ಬರಲಿಲ್ಲ. ಎರಡು ಸಾವಿರದ ಇಸವಿ ಕಳೆದ ಕೆಲವು ವರ್ಷಕ್ಕೆ ಪ್ರಯೋಗ ನಿಂತಿತು. ಡಾಕ್ಟರ್ ಅದಕ್ಕೆ ಬೇಸರಪಟ್ಟರು, ನಾನೂ ಪಟ್ಟೆ. ಗಿಡ ಮತ್ತು ಔಷಧಿ ಕೈಜೋಡಿಸಿದ್ದು ಸುಳ್ಳಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಅದನ್ನು ಮತ್ತೆ ಕೈಗೆತ್ತಿಕೊಂಡರೆ ಈ ಮುದುಕಿಗೆ ಸಂತೋಷ.

ಆದರೆ ಹೇಳಲು ಹೊರಟದ್ದು ನಂಜಮ್ಮನ ಕಡೆಯ ಭೇಟಿಯ ವಿಷಯ; ಈಗ ಅವರಿಲ್ಲ, ಅದಕ್ಕೇ ಬಾಯಿ ಬಿಡುತ್ತಿದ್ದೇನೆ. ಆ ವಾರ ನನಗೆ ಜ್ವರ, ಇಟ್ಟಮಡುವಿಗೆ ಒಂದು ದಿನವೂ ಹೋಗಿರಲಿಲ್ಲ. ಬೆನ್ನು ಬರಿದಾಗಿರುತ್ತದೆ, ಅವರು ಸೊರಗಿರುತ್ತಾರೆ ಎಂದು ಹೆದರುತ್ತಲೇ ಬಾಗಿಲು ಮುಚ್ಚಿದೆ. ನಂಜಮ್ಮ ನಗುತ್ತ ಬಂದು ಕೂತರು. ಡಾಕ್ಟರ್ ದೀಪ ಹಾಕಿದರು.

ಹೆಗಲುಗಳ ನಡುವೆ ಒಂದು ಕೈ ಹೊಳೆಯುತ್ತಿತ್ತು. ಅಂಗೈ, ಹೆಬ್ಬೆರಳು, ಮೂರು ಬೆರಳು, ಕಿರುಬೆರಳ ಜಾಗ ಖಾಲಿ. ಅದು ನನ್ನದಾಗಿರಲು ಸಾಧ್ಯವಿರಲಿಲ್ಲ. ಕಸ್ತೂರಿಯದೂ ಅಲ್ಲ. ಆ ಕೈ ಅರ್ಧ ಬೆನ್ನನ್ನು ತುಂಬಿತ್ತು. ದಪ್ಪ ಬೆರಳುಗಳ, ಸಿಮೆಂಟು ಮೂಟೆ ಹೊತ್ತ ಗಂಡಸಿನ ಅಗಲವಾದ ಕೈ.

ಡಾಕ್ಟರ್ ನನ್ನ ಮಣಿಕಟ್ಟು ಹಿಡಿದುಕೊಂಡರು. ಹೊಸ್ತಿಲಾಚೆ ಆವತ್ತು ಕೀಲಿ ಗೊಂಚಲಿನ ಸದ್ದು ಕೇಳುತ್ತಿರಲಿಲ್ಲ.

"ರತ್ನ ದಿನಾ ಬತ್ತಾವ್ಳೆ ಕಣವ್ವ" ಎಂದರು ನಂಜಮ್ಮ ಕತ್ತಲಿನಲ್ಲಿ. "ಅಲ್ಲಿ ಏನ್ ಕೆಲ್ಸ ಕೊಟ್ಟವ್ರೋ ಅವ್ಳಿಗೆ. ಕೈಯೆಲ್ಲಾ ಒರಟಾಗೋಗದೆ."

ನಾನು ಬಾಯಿ ತೆರೆಯಲಿಲ್ಲ. ಡಾಕ್ಟರ್ ಅಲಮೇಲು ದೀಪ ಆರಿಸಿದರು.